ಬಿದ್ದವನ ತಲೆ

ಮಗಳ ಶಾಲೆಯ ಕಸರತ್ತಿಗೆಂದು ಮೊನ್ನೆ ಅವಳ ಜೊತೆ ಅಂಬತ್ತೂರಿನ ಅಂಗಡಿಯೊಂದರಲ್ಲಿ ರಬ್ಬರ್ ಚಾಪೆ ಬಿಚ್ಚಿಸಿ ನೋಡಿದೆ. ಬಿಸಿಲಿಗೆ ಕಾದ ರಬ್ಬರಿನ ವಾಸನೆ ಮೂಗಿಗೆ ಬಡಿದದ್ದೇ ನನ್ನ ಬಲಗೈ ಮಣಿಕಟ್ಟು ತಣ್ಣಗಾಯಿತು. ಹಿಂದೆ ಯಾರೋ ನಿಂತಂತಾಗಿ ತಿರುಗಿದೆ. ಯಾರೂ ಇರಲಿಲ್ಲ...

ಇದೇ ತಮಿಳು ನಗರದ ಇನ್ನೊಂದು ತುದಿಯ ಶೋಳಿಂಗನಲ್ಲೂರಿನಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಬಸ್ ಸ್ಟಾಪಿನಿಂದ ಹಾಸ್ಟೆಲಿಗೆ ಹೋಗುವ ಓಣಿಯಲ್ಲಿ ಒಬ್ಬ ದಿನವೂ ನನ್ನ ಹಿಂದೆ ಬರುತ್ತಿದ್ದ. ಮಾತಿಲ್ಲ, ನಾನು ನಿಂತರೆ ಅವನೂ ನಿಲ್ಲುತ್ತಿದ್ದ. ದಿನವೂ ಎಂದು ಬರೆದೆ, ನಾಲ್ಕೈದು ಸಲವೇ ಇದ್ದೀತು. ಭಯದ ಲೆಕ್ಕವನ್ನು ನಂಬುವಂತಿಲ್ಲ. ಮನೆಗೆ ಹೇಳಿದರೆ ಕೆಲಸ ಬಿಟ್ಟು ಬಾ ಎನ್ನುತ್ತಿದ್ದರು. ಅದಕ್ಕೇ ಐಕಿಡೊ ಕಲಿಯಲು ಹೋದೆ. ಮೇಲೆ ಬಿದ್ದವನಿಗೂ ಗಾಯವಾಗದಂತೆ ನಮ್ಮನ್ನು ಕಾಪಾಡಿಕೊಳ್ಳುವ ಜಪಾನೀ ವಿದ್ಯೆ.

ಮದುವೆ ಛತ್ರವೊಂದರ ಮಹಡಿಯಲ್ಲಿ ಭಾನುವಾರದ ತರಗತಿ. ಕಲಿಸುವವರನ್ನು ಎಲ್ಲರೂ ಮಾಸ್ಟರ್ ಎನ್ನುತ್ತಿದ್ದೆವು. ಅವರ ತಾತ ವ್ಯಾಪಾರಕ್ಕೆಂದು ಬಳ್ಳಾರಿ ಕಡೆಯಿಂದ ಬಂದವರಂತೆ. ಹಣೆಗೆ ವಿಭೂತಿ, ಮಾತಿನಲ್ಲಿ ಅರ್ಧ ತಮಿಳು. ಆರಂಭದಲ್ಲಿ ಮಂಡಿಯೂರಿ ಬಾಗಿದಾಗ ಅವರ ಹಣೆಯ ಗೆರೆಗಳು ರಬ್ಬರ್ ಚಾಪೆಯ ಮೇಲೆ ಮೂಡುತ್ತಿದ್ದವು.

ಅವರದೊಂದು ಪದ್ಧತಿ. ಹಿಡಿದವನನ್ನು ಉರುಳಿಸಿದ ಮೇಲೂ ಅವನ ತೋಳು ಬಿಡಬಾರದು. ತಲೆ ನೆಲಕ್ಕೆ ಬಡಿಯದಂತೆ ಮೇಲಕ್ಕೆಳೆದು ಹಿಡಿಯಬೇಕು. "ಬಿದ್ದೋನ ತಲೆ ನಮ್ಮ ಪೊರುಪ್ಪಮ್ಮ" ಎನ್ನುತ್ತಿದ್ದರು. ನಮ್ಮ ಹೊಣೆ ಎಂದು.

ಒಂದು ಸಂಜೆ ಓಣಿಯಲ್ಲಿ ಅವನು ನನ್ನ ಮಣಿಕಟ್ಟು ಹಿಡಿದೇಬಿಟ್ಟ. ಮೈ ತಾನಾಗಿ ತಿರುಗಿತು. ಅವನು ಬಿದ್ದ. ನಾನು ಓಡಬೇಕಿತ್ತು. ಓಡದೆ, ಅವನ ತೋಳು ಹಿಡಿದು, ತಲೆ ಕಾಯುತ್ತ ನಿಂತಿದ್ದೆ. ಬೆರಳು ಬಿಚ್ಚಲೊಲ್ಲವು. ಅವನು ಕೆಳಗಿನಿಂದ ನನ್ನ ಮುಖ ನೋಡಿದ, ನಕ್ಕ. ಇನ್ನೊಂದು ಕೈಯಿಂದ ನನ್ನ ಕಾಲು ಹಿಡಿದ. ತಿರುವಿನಲ್ಲಿ ಬೈಕೊಂದು ಬರದಿದ್ದರೆ... ಬಂತು, ಅವನು ಕೊಸರಿಕೊಂಡು ಓಡಿದ. ಆಗ ಓಣಿಯಲ್ಲಿ ವಿಭೂತಿಯ ವಾಸನೆ ಇತ್ತೆಂದು ನನ್ನ ನೆನಪು ಈಗಲೂ ಹೇಳುತ್ತದೆ. ಇರಲು ಸಾಧ್ಯವೇ ಇಲ್ಲ.

ತರಗತಿಯಲ್ಲಿ ಇದನ್ನು ಹೇಳಿದಾಗ ಜೊತೆಯ ಹುಡುಗಿಯೊಬ್ಬಳು, "ತಲೆದಿಂಬೂ ಕೊಟ್ ಬರ್ಬೇಕಿತ್ತು ಅಕ್ಕಾ" ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮಾಸ್ಟರ್ ಮಾತ್ರ ಬಿಳಚಿಕೊಂಡಿದ್ದರು.

"ತಪ್ಪು ನಂದು. ಹಿಡಿಯೋದು ಹೇಳ್ಕೊಟ್ಟೆ, ಬಿಡೋದು ಹೇಳ್ಕೊಡ್ಲಿಲ್ಲ."

ಅಂದಿನಿಂದ ಅವರೇ ನನ್ನ ಮಣಿಕಟ್ಟು ಹಿಡಿದು, ಆ ವಯಸ್ಸಿನಲ್ಲಿ, ಬೀಳತೊಡಗಿದರು. "ಬಿಡಮ್ಮ! ಬಿಟ್ಟು ಓಡು!" ನಾನು ಬಿಡುತ್ತಿರಲಿಲ್ಲ, ಅವರ ತಲೆಗೇನಾದರೂ ಆದರೆ? "ಅಯ್ಯೋ, ಕಲ್ಲು ಇದು. ಬೇಕಿದ್ರೆ ನಮ್ಮ ಮನೆಯವಳ್ನ ಕೇಳು" ಎಂದು ತಲೆ ತಟ್ಟಿ ತೋರಿಸುತ್ತಿದ್ದರು. ಆದರೆ ಬೀಳುವ ಮುಂಚೆ ಪ್ರತಿ ಸಲ, ಚಾಪೆ ಎಲ್ಲಿದೆಯೆಂದು ಒಮ್ಮೆ ತಿರುಗಿ ನೋಡಿಕೊಳ್ಳುತ್ತಿದ್ದರು.

ಮದುವೆಯಾಗಿ ಅಂಬತ್ತೂರಿಗೆ ಬಂದೆ, ತರಗತಿ ತಪ್ಪಿತು. ಅಷ್ಟರಲ್ಲಿ ಒಮ್ಮೆಯೂ ಸಮಯಕ್ಕೆ ಸರಿಯಾಗಿ ಕೈ ಬಿಟ್ಟಿರಲಿಲ್ಲ. ಹೋದ ವರ್ಷ ಮಾಸ್ಟರ್ ತೀರಿಕೊಂಡರೆಂದು ಆ ಹುಡುಗಿಯೇ ಫೋನಿನಲ್ಲಿ ಹೇಳಿದಳು. ಏನಾಗಿತ್ತೆಂದು ನಾನು ಕೇಳಲಿಲ್ಲ. ಬಿದ್ದು ಎಂದುಬಿಟ್ಟರೆ?

ಚಾಪೆ ಕೊಂಡು, ಮಗಳ ಕೈ ಹಿಡಿದು ರಸ್ತೆ ದಾಟಿದೆ. ದಾಟಿ ಎಷ್ಟೋ ಹೊತ್ತಾಗಿತ್ತೆಂದು ಕಾಣುತ್ತದೆ.

"ಅಮ್ಮಾ, ಕೈ ವಿಡು! ವಲಿಕ್ಕುದು," ಎಂದಳು, ಕನ್ನಡ ಗೊತ್ತಿದ್ದರೂ ಎಂದಿನಂತೆ ತಮಿಳಿನಲ್ಲೇ. ನೋಯುತ್ತಿದೆಯಂತೆ. ಅವಳ ಎಳೆಯ ಮಣಿಕಟ್ಟಿನ ಮೇಲೆ ನನ್ನ ಬೆರಳುಗಳ ಕೆಂಪು ಗೆರೆ.

ನಿಂತೆ. ಒಂದೊಂದೇ ಬೆರಳನ್ನು ಬಿಚ್ಚಿದೆ. ಕೊನೆಯದನ್ನು ಬಿಚ್ಚುವಾಗ, ಬಿಡಮ್ಮ ಎನ್ನುವ ದನಿಗಾಗಿ ಕಾದೆ.