ಮೂರು ಹಾರ್ಲಿಕ್ಸ್ ಬಾಟಲಿ ಕೆಸರು

ದಾಕ್ಷಾಯಿಣಿಯ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು ಹರಿಯಬ್ಬೆಯ ಹಿಟ್ಟಿನ ಗಿರಣಿಯಲ್ಲಿ. ಇಪ್ಪತ್ತೆಂಟು ವರ್ಷದ ಹಿಂದಿನ ಮಾತು. ಅವತ್ತು ಕರೆಂಟು ಹೋಗಿ ನನ್ನ ರಾಗಿ ಅರ್ಧ ಹಿಟ್ಟಾಗಿ ಅರ್ಧ ಕಾಳಾಗಿ ನಿಂತಿತ್ತು. ಜವನಗೊಂಡನಹಳ್ಳಿಯಿಂದ ಬಂದು ನಮ್ಮ ಪಕ್ಕದ ಮನೆ ಕೊಂಡಿದ್ದ ಅಂಗಡಿ ಮುರುಗಪ್ಪನ ಮಾತು ಬಂತು.

“ಅವನ ಮಗಳು ಕೆಸರು ಸೋಸ್ತಾಳಂತೆ,” ಅಂದಳು ಗಿರಣಿಯ ದ್ಯಾಮಮ್ಮ. “ಸಮುದ್ರದ ಕಡೆ. ಅದಕ್ಕೆ ಯೂನಿವರ್ಸಿಟಿಯೋರು ಸಂಬಳ ಕೊಡ್ತಾರಂತೆ.”

“ನಮ್ಮ ಕೆರೆಯಾಗೂ ಕೆಸರೈತೆ. ನಂಗ್ಯಾರೂ ಕೊಟ್ಟಿಲ್ವಲ್ಲ,” ಅಂದೆ ನಾನು.

“ನೀನು ಸಿರಿಗೆರೆ ಹಾಸ್ಟೆಲ್ನಾಗೆ ಇದ್ದು ಓದಿದ್ದೀಯೇನೇ ಚಿತ್ತಮ್ಮ?”

ಕರೆಂಟು ಬರುವವರೆಗೂ ಎಲ್ಲರೂ ಅದನ್ನೇ ಹೇಳಿಕೊಂಡು ನಕ್ಕರು.

ಆ ದೀಪಾವಳಿಗೆ ದಾಕ್ಷಾಯಿಣಿ ಊರಿಗೆ ಬಂದಳು. ಕಾಲುಗುರಿನ ಸಂದಿಯಲ್ಲಿ ಕಪ್ಪು ಕೆಸರು ಹಾಗೇ ಇತ್ತು. ನೇರ ನಮ್ಮ ಕುರಿಹಟ್ಟಿಗೆ ನುಗ್ಗಿ, ಹಿಕ್ಕೆಯನ್ನು ಕಡ್ಡಿಯಲ್ಲಿ ಬಿಡಿಸಿ, ಒಳಗಿದ್ದ ಹುಳವನ್ನು ಕನ್ನಡಕ ಮೇಲೇರಿಸಿ ನೋಡಿದಳು. ನನ್ನ ಯಜಮಾನರು ಆಗ ಇನ್ನೂ ಇದ್ದರು. ಇವಳು ಅಂಗಡಿಯವರ ಮನೆಯಲ್ಲಿ ತಪ್ಪಿ ಹುಟ್ಟಿದ್ದಾಳೆ, ಕುರಿಯವರ ಮನೆಯಲ್ಲಿ ಹುಟ್ಟಬೇಕಿತ್ತು ಅಂತ ತೀರ್ಮಾನ ಕೊಟ್ಟುಬಿಟ್ಟರು.

“ಅಲ್ಲವ್ವಾ, ಅಲ್ಲಿ ನೀನು ಮಾಡದೇನು?” ಅಂತ ಕೇಳಿದೆ.

“ಹೊಳೆ ಸಮುದ್ರ ಸೇರೋ ಬಾಯಿ ಐತಲ್ಲ ಚಿತ್ತಕ್ಕ, ಅದಕ್ಕೆ ಅಳಿವೆ ಅಂತಾರೆ. ಸಿಹಿನೀರು ಉಪ್ಪುನೀರು ಎರಡೂ ಬೆರೆಯೋ ಜಾಗ. ನಾವು ಮನುಷ್ಯರು ಅಲ್ಲಿ ಹೋಗಿ ಏನೇನೋ ಮಾಡ್ತೀವಿ. ಅದರಿಂದ ಕೆಸರಿನಾಗಿರೋ ಜೀವಗಳಿಗೆ ಏನಾತು ಅಂತ ನೋಡ್ತೀನಿ.”

“ಅವು ಹೇಳ್ತಾವಾ?”

“ಹೇಳ್ತಾವೆ. ಕಮ್ಮಿ ಆಗಿ ಹೇಳ್ತಾವೆ.”

ಪ್ರತಿ ವರ್ಷ ಅದೇ ತಿಂಗಳು, ಅದೇ ಮೂರು ಜಾಗದಲ್ಲಿ, ಮೊಣಕಾಲುದ್ದ ಕೆಸರಿಗೆ ಇಳಿದು ಒಂದೊಂದು ಬಾಟಲಿ ಮಣ್ಣು ತರುತ್ತಿದ್ದಳು. ಒಂದು ಸಮುದ್ರದ ಹತ್ತಿರ, ಒಂದು ನಡುವೆ, ಒಂದು ಹೊಳೆಯ ಕಡೆ. ಇವಳು ನೋಡನೋಡುತ್ತಲೇ ಅಲ್ಲಿಗೆ ಮರಳಿನ ಲಾರಿಗಳು ಬಂದವು, ಸಿಗಡಿ ಸಾಕುವ ಹೊಂಡಗಳು ಬಂದವು, ಊರಿನ ಚರಂಡಿಯೂ ತಿರುಗಿಕೊಂಡು ಬಂತು. ಮುರುಗಪ್ಪ ಮಾತ್ರ ಮಗಳಿಗೆ ಗಂಡು ತರುವುದನ್ನು ನಿಲ್ಲಿಸಲಿಲ್ಲ. ಹೊಳಲ್ಕೆರೆಯ ಬಟ್ಟೆ ಅಂಗಡಿಯ ಗಂಡು, “ಮದುವೆ ಆದ್ಮೇಲೆ ಕೆಸರು ಬಿಡ್ತೀರಾ?” ಅಂತ ಕೇಳಿದ. “ನೀವು ಅಂಗಡಿ ಬಿಡ್ತೀರಾ?” ಅಂತ ಇವಳು ಕೇಳಿದಳು. ಉಪ್ಪಿಟ್ಟು ತಿಂದು ಎದ್ದುಹೋದರು. ಆಮೇಲೆ ಗಂಡುಗಳು ಬರುವುದೂ ನಿಂತಿತು, ಅವಳ ಮುಖದಲ್ಲಿ ಕಳೆಯೂ ಬಂತು.

ಹೋದ ವರ್ಷ ಅವಳ ಲ್ಯಾಬು ರಿಪೇರಿಗೆ ಬಿತ್ತು. ಕರಾವಳಿಯ ಥಂಡಿಗೆ ಎಲ್ಲದಕ್ಕೂ ಬೂಷ್ಟು ಹಿಡಿಯುತ್ತದೆ, ನಮ್ಮ ಒಣ ಹವೆಯೇ ವಾಸಿ ಅಂತ ಅಷ್ಟೂ ವರ್ಷದ ಮಣ್ಣನ್ನು ಟೆಂಪೋದಲ್ಲಿ ತಂದು, ಅವರ ಮನೆಗೆ ಅಟ್ಟವಿಲ್ಲದ್ದಕ್ಕೆ ನಮ್ಮ ಅಟ್ಟಕ್ಕೆ ಏರಿಸಿದಳು. ಹೋಗುವಾಗ ಜಗಲಿಯ ಮೇಲೆ ಕುಂತು ಹೇಳಿದಳು:

“ಅಳಿವೆ ಮೊದಲಿಂದ್ಲೂ ಹಿಂಗೇ ಇತ್ತು, ನಾವೇನು ಹಾಳು ಮಾಡಿಲ್ಲ ಅಂತಾರೆ ಮರಳು ಎತ್ತೋರು. ಮೊದಲನೇ ವರ್ಷ ನಾನು ಹುಳ ಎಣಿಸಿದ್ದೆ, ಚಿಪ್ಪು ಎಣಿಸಿರಲಿಲ್ಲ. ರಿಟೈರ್ ಆಗೋದ್ರೊಳಗೆ ಆ ಮೂರು ಬಾಟಲಿ ಚಿಪ್ಪು ಎಣಿಸಿ ತೋರಿಸಬೇಕು. ಇಲ್ಲಾಂದ್ರೆ ಇಷ್ಟು ವರ್ಷ ಮಾಡಿದ್ದೆಲ್ಲ ಸುಮ್ಮನೆ.”

ಮೂರು ಬಾಟಲಿ ಅಂದಳೇ ಹೊರತು ಯಾವ ಬಾಟಲಿ ಅಂತ ಹೇಳಲಿಲ್ಲ.

ಯೂನಿವರ್ಸಿಟಿಯ ಡಬ್ಬಗಳೆಲ್ಲ ಬಿಳಿ ಪ್ಲಾಸ್ಟಿಕ್ಕು, ಮೇಲೆ ಚೀಟಿ. ಅವುಗಳ ನಡುವೆ ಮೂರು ಹಾರ್ಲಿಕ್ಸ್ ಬಾಟಲಿ, ಚೀಟಿಯನ್ನು ಹುಳ ತಿಂದಿತ್ತು. ಪಾಪ, ಮನೆಯ ಬಾಟಲಿಗಳೂ ಸೇರಿಕೊಂಡು ಬಂದಿವೆ ಅಂದುಕೊಂಡೆ. ಒಳಗೆ ಗಟ್ಟಿಯಾಗಿ ಕುಂತಿದ್ದ ಕೆಸರನ್ನು ಕಡ್ಡಿಯಿಂದ ಕೆದಕಿ ತೆಗೆದು, ಬೂದಿ ಹಾಕಿ ಮೂರು ನೀರಲ್ಲಿ ತೊಳೆದೆ. ನಮ್ಮಲ್ಲಿ ಯಾರದೇ ಪಾತ್ರೆಯಾಗಲಿ ಖಾಲಿ ಹಿಂದಕ್ಕೆ ಕೊಡುವುದಿಲ್ಲ. ಒಂದಕ್ಕೆ ಶೇಂಗಾ ಚಟ್ನಿಪುಡಿ, ಒಂದಕ್ಕೆ ಹುಚ್ಚೆಳ್ಳು ಪುಡಿ, ಮತ್ತೊಂದಕ್ಕೆ ಹುರಿದ ಹುರುಳಿ ತುಂಬಿಟ್ಟೆ.

ಮೂರು ತಿಂಗಳಾದ ಮೇಲೆ ಬಂದವಳ ಕೈಗೆ ಮೊದಲು ಕೊಟ್ಟದ್ದೇ ಅವನ್ನು.

ದಾಕ್ಷಾಯಿಣಿ ಮೆಟ್ಟಿಲ ಮೇಲೆ ಕುಂತುಬಿಟ್ಟಳು. “ಚಿತ್ತಕ್ಕ, ಇದರಾಗೆ ಮಣ್ಣಿತ್ತು.”

“ಇತ್ತು ಕಣವ್ವ. ಗಬ್ಬು ನಾರ್ತಿತ್ತು.”

“ಅದೇ ಮೊದಲನೇ ವರ್ಷದ್ದು. ಆಗಿನ್ನೂ ಯೂನಿವರ್ಸಿಟಿಯೋರು ಡಬ್ಬ ಕೊಟ್ಟಿರಲಿಲ್ಲ.” ಅಷ್ಟು ಹೇಳಿ ಬಾಟಲಿಯ ಮುಚ್ಚಳ ತೆಗೆದು, ಚಟ್ನಿಪುಡಿಯನ್ನೇ ನೋಡುತ್ತ ಕುಂತಳು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

“ಎಲ್ಲಿ ಎಸೆದೆ?” ಅಂದಳು ಕೊನೆಗೆ.

“ಎಸೀತೀನೇನೇ? ಕಲ್ಲಿಲ್ಲದ ಮಣ್ಣು. ಗಿಡಕ್ಕೆ ಹಾಕ್ದೆ. ಅದಾದ ವಾರಕ್ಕೇ ಮೂರು ಗಿಡನೂ ಸೀದು ಹೋದ್ವು. ದೃಷ್ಟಿ ಅಂತ ಹಳೇ ಚಪ್ಪಲಿ ಕಟ್ಟಿದೀನಿ ನೋಡು.”

“ದೃಷ್ಟಿ ಅಲ್ಲ, ಉಪ್ಪು,” ಅಂತ ಎದ್ದು ನಿಂತಳು. “ಯಾವ ಬಾಟಲಿದು ಯಾವ ಗಿಡಕ್ಕೆ?”

ನಾನು ಮುನ್ನೂರು ಕುರಿಯನ್ನು ಮುಖ ನೋಡಿ ಗುರುತು ಹಿಡಿದವಳು, ಮೂರು ಬಾಟಲಿ ಮರೆಯುತ್ತೇನೆಯೇ. ಕೆಂಪು ಮುಚ್ಚಳದ್ದು ಎಣ್ಣೆ ಡಬ್ಬದ ದಾಸವಾಳಕ್ಕೆ, ಬಾಯಿ ಮುಕ್ಕಾದದ್ದು ಪೇಂಟ್ ಬಕೆಟ್ಟಿನ ಪುದೀನಕ್ಕೆ, ಬಟ್ಟೆ ಕಟ್ಟಿದ್ದದ್ದು ಒಡಕು ಕೊಡದ ಚೆಂಡುಹೂವಿಗೆ. ಅವಳ ನೋಟುಬುಕ್ಕಿನಲ್ಲೂ ಕೆಂಪು ಮುಚ್ಚಳ ಸಮುದ್ರದ ಕಡೆಯದು ಅಂತ ಬರೆದಿತ್ತು.

“ನಮ್ಮ ಮಣ್ಣೂ ಬೆರೆತೈತಲ್ಲವ್ವ,” ಅಂದೆ.

“ಬೆರೀಲಿ. ಹಿರಿಯೂರು ತಾಲ್ಲೂಕಿನಾಗೆ ಸಮುದ್ರದ ಚಿಪ್ಪು ಹುಟ್ಟಲ್ಲ. ಇದರಾಗೆ ಸಿಕ್ಕಿದ್ದೆಲ್ಲ ನಂದೇ.”

ಮೂರು ದಿನ ಜಗಲಿಯ ಮೇಲೆ ನನ್ನ ರಾಗಿಹಿಟ್ಟಿನ ಜರಡಿಯಲ್ಲಿ ಸೋಸಿದೆವು. ಅಕ್ಕಿನುಚ್ಚಿನಷ್ಟೇ ಚಿಪ್ಪುಗಳು. ಅವಳು ಭೂತಗನ್ನಡಿ ಹಿಡಿದು ಒಂದೊಂದಾಗಿ, ನಾನು ಕುರಿ ಎಣಿಸಿದಂತೆ ಜೋಡಿ ಜೋಡಿಯಾಗಿ ಎಣಿಸಿದೆವು. ಕೆಂಪು ಮುಚ್ಚಳದ್ದರಲ್ಲಿ ಅವಳಿಗೆ ಇನ್ನೂರ ಎಂಟು, ನನಗೆ ಇನ್ನೂರ ಹನ್ನೊಂದು. ಮತ್ತೆ ಎಣಿಸಿದಳು. ಇನ್ನೂರ ಹನ್ನೊಂದೇ.

“ಅದೇ ಜಾಗದ ಈ ಸಲದ ಕೆಸರಿನಾಗೆ ಎಷ್ಟಿದ್ವು?” ಅಂತ ಕೇಳಿದೆ.

“ಹದಿನಾಲ್ಕು.”

ಇಬ್ಬರೂ ಕೈ ತೊಳೆದುಕೊಂಡೆವು.

ಆ ಲೆಕ್ಕವನ್ನು ಸರ್ಕಾರದವರು ಕರೆದ ಸಭೆಯಲ್ಲಿ ಎಲ್ಲರ ಮುಂದೆ ಓದಿದಳಂತೆ. ಮಣ್ಣು ಮೂರು ತಿಂಗಳು ಹೂಕುಂಡದಲ್ಲಿತ್ತು ಅನ್ನುವುದನ್ನೂ ಮುಚ್ಚಿಡದೆ ಹೇಳಿದಾಗ ಮರಳಿನವರ ಕಡೆಯವರು ನಕ್ಕರಂತೆ, ಹದಿನಾಲ್ಕು ಅಂದಾಗ ನಗು ನಿಂತಿತಂತೆ. ಈಗ ಆ ಅಳಿವೆಯಲ್ಲಿ ಮರಳು ಎತ್ತುವುದನ್ನು ಎರಡು ವರ್ಷಕ್ಕೆ ನಿಲ್ಲಿಸಿದ್ದಾರೆ. ಎರಡೇ ವರ್ಷವಾ ಅಂದರೆ, ಚಿಪ್ಪಿಗೆ ಅಷ್ಟು ಸಾಕು, ಮತ್ತೆ ಹುಟ್ಟೋಕೆ ಶುರು ಮಾಡುತ್ತವೆ ಅನ್ನುತ್ತಾಳೆ.

ರಿಟೈರಾದ ವಾರ ಬಂದು, ಅದೇ ಮೂರು ಹಾರ್ಲಿಕ್ಸ್ ಬಾಟಲಿಗಳನ್ನು ನನ್ನ ಮಡಿಲಿಗಿಟ್ಟಳು. ಮೂರರಲ್ಲೂ ಕಪ್ಪು ಕೆಸರು.

“ಖಾಲಿ ಕೊಡಬಾರದಲ್ಲ,” ಅಂದಳು. “ಈ ವರ್ಷದ್ದು. ಹತ್ತು ವರ್ಷ ಆದ್ಮೇಲೆ ನನ್ನ ಶಿಷ್ಯರು ಕೇಳ್ಕೊಂಡು ಬರ್ತಾರೆ, ನೀನೇ ನಿನ್ನ ಕೈಯಾರೆ ಕೊಡ್ಬೇಕು.”

“ನಂಗೀಗ ಎಪ್ಪತ್ನಾಲ್ಕು ಕಣೇ.”

“ಅದಕ್ಕೇ ಹೇಳ್ತಿರಾದು. ಅಲ್ಲೀತನಕ ಇರು. ಮತ್ತೆ ಇವನ್ನ ತೊಳೀಬೇಡ.”