ಮಡೆಪ್ಪ ಕಾಕಾನ ಜಳಕದ ಕೊಡ

ಮಡೆಪ್ಪ ಕಾಕಾ ಯಾರನ್ನ ಕಂಡರೂ ಮೊದಲ ಕೇಳೋ ಮಾತು ಒಂದೇ: “ಉಂಡ್ಯೇನವ್ವಾ? ಉಂಡ್ಯೇನೋ ತಮ್ಮಾ?” ಹೊತ್ತಿಲ್ಲ ಗೊತ್ತಿಲ್ಲ, ಇದೇ ಮಾತು. ನಾವು ನಗ್ತಿದ್ವಿ. ಆದ್ರ ತಿರುಗಿ “ನೀವು ಉಂಡ್ರೇನ್ರಿ ಕಾಕಾ?” ಅಂತ ಕೇಳಿದ ಪುಣ್ಯಾತ್ಮರು ನಮ್ಮೊಳಗ ಒಬ್ಬರೂ ಇರಲಿಲ್ಲ ನೋಡ್ರಿ. ಅವರು ನಮ್ಮ ಬಾವಿ ತೋಡೋ ಮಂದಿಯ ಜಮಾದಾರ. ಜಮಾದಾರಗ ಹಸಿವು ಇರ್ತದಂತ ಯಾರಿಗಿ ಹೊಳೀಬೇಕು?

ಭಾಲ್ಕಿಗಿ ಇನ್ನಾ ರೈಲು ಬಂದಿರದ ಕಾಲ ಅದು. ನಮ್ಮೂರು ಔರಾದ ಕಡೀ ಡಾಬಕಾ. ಸುಗ್ಗಿ ಮುಗೀತಂದ್ರ ಕಾಕಾ ಮಂದಿ ಕೂಡಿಸಿ ಬಾವಿ ತೋಡ್ಲಿಕ್ಕ ಊರೂರಿಗಿ ಕರ್ಕೊಂಡು ಹೋಗ್ತಿದ್ರು. ಯಾರು ಕೆಳಗ ಇಳೀಬೇಕು, ಯಾರು ಮ್ಯಾಲ ಹಗ್ಗ ಎಳೀಬೇಕು, ಬಸರಿ ಹೆಂಗಸಿಗಿ ಯಾವ ಹಗುರ ಕೆಲಸ ಕೊಡಬೇಕು, ಎಲ್ಲಾ ಅವರದೇ ಜಿಮ್ಮಾ. ಗಂಡ ಹೆಂಡತಿ ಜಗಳ ಆಡಿದ್ರೂ ಅವರೇ ಬಿಡಸಬೇಕು. ನಂದೂ ಬಿಡಿಸ್ಯಾರ. ನನ್ನ ಬಾಯಿ ಜೋರು, ಅದು ಊರಿಗೇ ಗೊತ್ತು.

ಆ ವರ್ಷ ಭಾಲ್ಕಿ ತಾಲೂಕಿನ ಸಾಯಗಾಂವದಾಗ ವೈಜಿನಾಥ ಸಾವಕಾರ್ರ ಹೊಲದ ಬಾವಿ ಹಿಡಿದಿದ್ವಿ. ಎತ್ತರದ ಹೊಲ, ಕೆಂಪು ಕಲ್ಲು, ಸುತ್ತ ಎಲ್ಲೂ ನೀರಿಲ್ಲ. ಬಾವಿ ತೋಡೋರಿಗೇ ಕುಡೀಲಿಕ್ಕ ನೀರಿಲ್ಲ ಅಂದ್ರ ಯಾರಿಗಿ ಹೇಳೋಣ್ರಿ! ದೂರದ ಹಳ್ಳದಿಂದ ಹೊತ್ತು ತಂದಿದ್ದನ್ನ ಕಾಕಾನೇ ಎಲ್ಲರಿಗೂ ಹಂಚ್ತಿದ್ರು. ನಸುಕಿನಾಗ ನಮ್ಮ ಮಂದ್ಯಾಗಿನ ಈರಮ್ಮ ಕಾಕಾನ ಜಳಕಕ್ಕ ಅಂತ ಒಂದು ಕೊಡ ದಿಬ್ಬದ ಹಿಂದ ಇಡ್ತಿದ್ಲು. ಈರಮ್ಮ ಕಾಕಾನ ಹಂಗ ಲಿಂಗ ಕಟ್ಟಿದವಳು. ಅವರ ಸಂಜೀ ರೊಟ್ಟಿ ಬಡದು ಕೊಡಾಕಿನೂ ಅಕಿನೇ.

ಆಗ ನನ್ನ ಕೂಸಿಗಿ ಬಿಸಿಲಿಗಿ ಮೈ ತುಂಬ ಗುಳ್ಳಿ ಎದ್ದು, ರಾತ್ರಿ ಹಗಲು ಅಳು. ಒಂದಿನ ಮುಂಜಾನಿ ಕಾಕಾ ತುಂಬಿದ ಕೊಡ ತಂದು ನನ್ನ ಮುಂದ ಇಟ್ರು. “ಪುತಳಾ, ನೀರು ಹೆಚ್ಚಿಗಿ ಉಳದಾದ. ಕೂಸಿನ ಮೈ ತೊಳಿ.”

“ಎಲ್ಲಿಂದ ಬಂತ್ರಿ ಕಾಕಾ ಹೆಚ್ಚಿಗಿ ನೀರು?”

“ಜಮಾದಾರ ನಾನೋ ನೀನೋ? ತೊಳಿ ಅಂದ್ರ ತೊಳಿ.”

ದಿನಾ ಹಿಂಗೇ ಕೊಡ ಬಂತು. ಗುಳ್ಳಿ ಬಾಡಿ ಕೂಸು ನಗಲಿಕ್ಕ ಹತ್ತಿತು. ಕಾಕಾ ದಿನಾ ಅದರ ಗಲ್ಲ ಮುಟ್ಟಿ ಮಾತಾಡ್ಸಿ ಹೋಗ್ತಿದ್ರು.

ನನ್ನ ಗಂಡ ಬಕ್ಕಪ್ಪ ಬಾವಿ ಒಳಗ ಕಲ್ಲು ಒಡೀತಿದ್ದ. ನಾವು ಮ್ಯಾಲಿನವರು ಕಲ್ಲು ತುಂಬಿದ ಬುಟ್ಟಿ ಹಗ್ಗ ಹಾಕಿ ಎಳೀತಿದ್ವಿ. ಬುಟ್ಟಿ ದಂಡಿಗಿ ಬರೋ ಹೊತ್ತಿಗಿ ಕಾಕಾ “ಹುಷಾರ್!” ಅಂತ ಕೂಗೋರು, ಕೆಳಗಿನವರು ಗ್ವಾಡಿಗಿ ಸರಿಯೋರು, ಆಮ್ಯಾಲ ಕಾಕಾ ಬುಟ್ಟಿ ಹಿಡಿದು ಆಚಿಗಿ ಎಳ್ಕೊಳ್ಳೋರು. ಆ ಕೂಗಿನ ಮ್ಯಾಲ ನನ್ನ ಗಂಡನ ಜೀವ ಇತ್ತು. ಅದಕ್ಕ ಕಾಕಾ ಆ ಕೆಲಸ ಬ್ಯಾರೆಯವರಿಗಿ ಕೊಡ್ತಿರಲಿಲ್ಲ.

ಒಂದಿನ ಮಧ್ಯಾಹ್ನ ಬುಟ್ಟಿ ದಂಡಿಗಿ ಬಂತು. ಕೂಗು ಬರಲಿಲ್ಲ. ತಿರುಗಿ ನೋಡ್ತೇನಿ, ಕಾಕಾ ಬುಟ್ಟಿ ಹಿಡಿದು ನಿಂತಲ್ಲೇ ತೂಗಲಿಕ್ಕ ಹತ್ಯಾರ, ಕಣ್ಣು ಮ್ಯಾಲ ಸಿಕ್ಕಾವ. ಬುಟ್ಟಿ ವಾಲಿತು, ಒಂದು ಕಲ್ಲು ಕೆಳಗ ಹೋಯ್ತು. ಬಾಜೂಕ ಹಗ್ಗ ಹಿಡಿದಿದ್ದ ಬಾಬುಮಿಯಾ ಕಾಕಾನ ನಡ ಹಿಡಿದು ಹಿಂದಕ್ಕ ಜಗ್ಗಿದ. ಇಲ್ಲಂದ್ರ ಕಾಕಾನೂ ಕಲ್ಲಿನ ಹಿಂದೇ ಹೋಗ್ತಿದ್ರು.

ಕೆಳಗಿಂದ ಬಕ್ಕಪ್ಪ ಚೀರಿದ. ಎವ್ವಾ! ದಂಡಿಗಿ ಓಡಿದೆ. ಭುಜ ಹಿಡಕೊಂಡು ನಿಂತಿದ್ದ, ರಕ್ತ ಸುರೀತಿತ್ತು, ಆದ್ರ ನಿಂತಿದ್ದ. “ಇದ್ದೇನಿ ಮಾರಾಯ್ತಿ, ಬಾಯಿ ಬಡ್ಕೋಬ್ಯಾಡ,” ಅಂದ. ಒಂದು ಗೇಣು ಈಚಿಗಿ ಬಿದ್ದಿದ್ರ ತಲಿ ಮ್ಯಾಲೇ ಬೀಳ್ತಿತ್ತು.

ಈ ಕಡೆ ಈರಮ್ಮ ಕಾಕಾನ ಮುಖಕ್ಕ ನೀರು ಹೊಡದು, ಚರಗಿ ಬಾಯಿಗಿ ಹಿಡಿದ್ಲು. ಅವರು ಬಾಯಿ ಬಿಡವಲ್ರು. ಅರೆ ಎಚ್ಚರದಾಗೂ ಹಲ್ಲು ಕಚ್ಚಿ ಮುಖ ತಿರುಗಿಸಿದ್ರು. ಈರಮ್ಮನ ಮುಖ ಇಳೀತು. “ಇವರದು ಇನ್ನಾ ಲಿಂಗಪೂಜಿ ಆಗಿಲ್ಲ,” ಅಂದ್ಲು. ಜಳಕ ಮಾಡಿ ಲಿಂಗಪೂಜಿ ಮಾಡೋತನಕ ಆ ಮನುಷ್ಯ ಒಂದು ಹನಿ ನೀರೂ ಮುಟ್ಟೋದಿಲ್ಲ.

“ನಾ ದಿನಾ ಕೊಡ ಇಡ್ತೇನಲ್ಲರಿ ಕಾಕಾ! ಏನು ಮಾಡ್ತೀರಿ ಅದನ್ನ?”

 ಕಾಕಾನ ಕಣ್ಣು ನನ್ನ ಕೂಸಿನ ಕಡಿ ಹೋಯ್ತು. ನಾನೂ ನೋಡಿದೆ. ದಿನಾ ನನ್ನ ಮುಂದ ಬಂದ ಕೊಡ ಅದೇ. ಅಷ್ಟು ದಿನಾನೂ ಕಾಕಾಂದು ಸಂಜೀಕ ಕೆಲಸ ಬಿಟ್ಟ ಮ್ಯಾಲೇ ಹಳ್ಳಕ್ಕ ಹೋಗಿ ಜಳಕ, ಪೂಜಿ, ಆಮ್ಯಾಲ ಒಂದು ರೊಟ್ಟಿ. ಅಲ್ಲಿತನಕ ಆ ಬಿಸಿಲಾಗ ಒಣ ಗಂಟಲು. ಯಾರಿಗೂ ಗೊತ್ತಾಗಲಿಲ್ಲ, ಯಾಕಂದ್ರ ಹಗಲಿನ ಊಟ ಈ ಒಲಿಯವರು ಆ ಒಲ್ಯಾಗ ಉಂಡಿರಬೇಕಂದ್ರು, ಆ ಒಲಿಯವರು ಈ ಒಲ್ಯಾಗ ಅಂದ್ರು.

ನನಗ ಸಿಟ್ಟು ತಡೀಲಿಲ್ಲ. “ಏನ್ರಿ ಕಾಕಾ! ಕೂಸಿನ ಮೈ ತೊಳದು ಕೂಸಿನಪ್ಪನ್ನ ಕೊಲ್ಲವ್ರಿದ್ರೇನ್ರಿ?” ಅಂದೇ ಬಿಟ್ಟೆ. ಅಂದವಳೇ ಅವರ ಕಾಲ ಹತ್ರ ಕುಂತು ಅತ್ತೆ.

ಕಾಕಾ ಎದ್ದು ಕುಂತ್ರು.  “ಖರೇ ಅದ ಪುತಳಾ. ನಾ ಇನ್ನ ಈ ಕೆಲಸಕ್ಕ ಬ್ಯಾಡ. ಸಾವಕಾರ್ರು ಬ್ಯಾರೆ ಜಮಾದಾರನ್ನ ತರಲಿ, ನಾ ಊರಿಗಿ ಹೋಗ್ತೇನಿ.”

ಬ್ಯಾರೆ ಜಮಾದಾರ ಯಾರಂತ ಎಲ್ಲರಿಗೂ ಗೊತ್ತಿತ್ತು. ಜ್ವರ ಬಂದವರನ್ನೂ ಬಾವಿಗಿ ಇಳಿಸೋ ಪೈಕಿ ಅಂವ.  ಅಷ್ಟರಾಗ ಬಕ್ಕಪ್ಪ ಭುಜಕ್ಕ ಧೋತ್ರದ ತುಂಡು ಕಟ್ಕೊಂಡು ಮ್ಯಾಲ ಬಂದ. ನನ್ನ ಗಂಡ ಮಾತು ಕಮ್ಮಿ, ಇಬ್ಬರ ಮಾತೂ ನಾನೇ ಆಡ್ತೇನಿ. ಅವತ್ತು ಅಂವ ಆಡಿದ.

“ಕಾಕಾ, ನಿಮ್ಮ ಕೂಗು ಕೇಳಿದ್ರ ಮಾತ್ರ ನಾ ಕೆಳಗ ಇಳಿತೇನಿ. ಬ್ಯಾರೆಯವರ ಕೂಗಿಗಿ ಇಳಿಯೋದಿಲ್ಲ. ಆದ್ರ ನಾಳಿಂದ ನೀವು ಜಳಕ ಮಾಡಿ, ಪೂಜಿ ಮಾಡಿ, ಉಂಡು ಬರೋತನಕನೂ ಇಳಿಯೋದಿಲ್ಲ. ನಿಮ್ಮ ಹೊಟ್ಟಿ ನಿಮ್ಮೊಬ್ಬರದಲ್ಲರಿ. ಅದರ ಕೆಳಗ ನನ್ನ ತಲಿ ಅದ.”

ಕಾಕಾ ತಲಿ ತಗ್ಗಿಸಿದ್ರು. ಈರಮ್ಮ ಕುಡಿಯೋ ನೀರಿನ ಕೊಡದ ತಳದಾಗಿದ್ದ ನೀರು ತಂದಿಟ್ಲು, ಬಾಬುಮಿಯಾ ತನ್ನ ಪಾಲಿಂದು ಅದಕ್ಕ ಸುರಿದ. ಎಲ್ಲರೂ ಸುರಿದ್ರು. ಅವರು ಅದರಾಗೇ ಜಳಕ ಮುಗಿಸಿ, ಲಿಂಗಕ್ಕ ನೀರು ಹಾಕಿ ಒಂದು ಗುಟುಕು ಕುಡಿಯೋತನಕ ಆ ಹೊಲದಾಗ ಒಬ್ಬರೂ ಬಾಯಿಗಿ ನೀರು ಹಚ್ಚಲಿಲ್ಲ.

ಮರುದಿನದಿಂದ ಶುರುವಾಯ್ತು ನೋಡ್ರಿ ಅವರ ಫಜೀತಿ. ಬಕ್ಕಪ್ಪ ದಂಡಿ ಮ್ಯಾಲ ಕುಂತು “ಜಳಕ ಆತೇನ್ರಿ? ಉಂಡ್ರೇನ್ರಿ?” ಅಂತ ಕೂಗೋದು, ದಿಬ್ಬದ ಹಿಂದಿಂದ ಕಾಕಾ “ಆತೋ ಮಾರಾಯಾ, ಪ್ರಾಣ ತಿನಬ್ಯಾಡ!” ಅನ್ನೋದು. ನಾನು ಎದ್ದು ಹೋಗಿ ರೊಟ್ಟಿ ಖಾಲಿ ಆಗ್ಯಾದೋ ಇಲ್ಲೋ ನೋಡಿ ಬರ್ತಿದ್ದೆ. ನಮಗ ಭರೋಸಾ ಇರಲಿಲ್ಲ. ಕೂಸಿನ ಸಲುವಾಗಿ ಎಲ್ಲರೂ ಒಂದೊಂದು ಚರಗಿ ಕೊಟ್ರು, ಅದಕ್ಕೂ ಸಾಕಾಯ್ತು.

ಮಳಿಗಾಲ ಸಮೀಪಕ್ಕ ಬಂದಾಗ ಬಾವಿಗಿ ನೀರು ಬಿತ್ತು. ಸಾವಕಾರ್ರು ಕಾಯಿ, ಕರ್ಪೂರ ತಗೊಂಡು ಓಡಿ ಬಂದ್ರು. ಮೊದಲ ಕೊಡ ಹೊಲದ ಧಣಿಗಿ ಕೊಡೋದು ರೂಢಿ. ಕೆಳಗಿಂದ ಬಕ್ಕಪ್ಪ ಕೊಡ ತುಂಬಿ ಕೂಗಿದ: “ಸಾವಕಾರ್ರ, ಸಿಟ್ಟಾಗಬ್ಯಾಡ್ರಿ! ಇದು ಕಾಕಾನ ಜಳಕದ್ದು!”

ವೈಜಿನಾಥ ಸಾವಕಾರ್ರಿಗಿ ಏನೂ ತಿಳೀಲಿಲ್ಲ, ಆದ್ರ ಎಲ್ಲರ ಮುಖ ನೋಡಿ ಹಿಂದಕ್ಕ ಸರದು ನಿಂತ್ರು. ನೀರು ಕೆಂಪು ರಾಡಿ. ಈರಮ್ಮ ಬಟ್ಟಿ ಹಿಡಿದು ಸೋಸಿದ್ಲು. ಕಾಕಾ ಅಲ್ಲೇ ಮಂದಿ ಮುಂದ ಜಳಕ ಮಾಡಿ, ಲಿಂಗ ಅಂಗೈ ಮ್ಯಾಲ ಇಟ್ಕೊಂಡು ಆ ನೀರೇ ಹಾಕಿ ಪೂಜಿ ಮಾಡಿದ್ರು. ಆಮ್ಯಾಲ ಚರಗಿ ಎತ್ತಿದ್ರು. ಎತ್ತಿದ ಕೈ ಸುಮ್ಮನಿರಬೇಕಲ್ಲ, ನನ್ನ ಕೂಸಿನ ಕಡಿ ಹೊಂಟಿತು.

“ಕಾಕಾ,” ಅಂದೆ, “ಮೊದಲ ನೀವು.”

ಅವರು ನನ್ನ ಮುಖ ನೋಡಿದ್ರು. ಕಣ್ಣೀರು ದಾಡಿ ಮ್ಯಾಲ ಇಳೀತಿತ್ತು. ಗಟಗಟ ಕುಡಿದ್ರು, ಚರಗಿ ಖಾಲಿ ಆಗೋತನಕ ಕುಡಿದ್ರು. ಆಮ್ಯಾಲ ಬಾವಿ ದಂಡಿಗಿ ಬಂದು, ಕೆಳಗಿನ ಬಕ್ಕಪ್ಪ ಕೇಳೋ ಮೊದಲೇ, ಊರಿಗೆಲ್ಲಾ ಕೇಳೋಹಂಗ ಕೂಗಿದ್ರು: “ಕುಡದೆನೋ ತಮ್ಮಾ! ಕುಡದೆ!”