ಮೇಣದಕ್ಕನ ಬೆರಳಂಗಿ

ಬೆರಳಂಗಿ ಎಂಬ ಮಾತು ಆ ಹೊಲಿಗೆಕೋಣೆಯ ಹೊರಗೆ ಯಾರಿಗೂ ಗೊತ್ತಿರಲಿಲ್ಲ. ದರ್ಜಿಗಳ ಅಂಗುಸ್ತಾನ ಬೇರೆ. ಅದು ಲೋಹದ್ದು, ಸೂಜಿಯನ್ನು ತಳ್ಳುವುದಕ್ಕೆ. ಪುಸ್ತಕ ಹೊಲಿಯುವವರಿಗೆ ಸೂಜಿಗಿಂತ ದಾರದ ಭಯ ಹೆಚ್ಚು. ಮೇಣ ಹಚ್ಚಿದ ದಾರವನ್ನು ಹಾಳೆಗಳ ಕಂತೆಯಿಂದ ಎಳೆದು ಬಿಗಿಯುವಾಗ ಅದು ತೋರುಬೆರಳಿನ ಗೆಣ್ಣನ್ನು ಕುಯ್ಯುತ್ತದೆ. ಆ ಗೆಣ್ಣಿಗೆ ಮೇಕೆತೊಗಲಿನ ಪುಟ್ಟ ಕವಚವೇ ಬೆರಳಂಗಿ.

ಅದನ್ನು ತನಗೆ ತಾನೇ ಹೊಲಿದುಕೊಳ್ಳಲು ಬರುವುದಿಲ್ಲ. ನೆನೆಸಿದ ತೊಗಲನ್ನು ಬೆರಳಿಗೆ ಸುತ್ತಿ, ಬೆರಳ ಮೇಲೆಯೇ ಹೊಲಿಯಬೇಕು. ಬಲಗೈಯೇ ಒಳಗೆ ಸಿಕ್ಕಿಕೊಂಡರೆ ಸೂಜಿ ಹಿಡಿಯುವವರು ಯಾರು? ಅದಕ್ಕೇ ಅಲ್ಲಿ ಹೆಂಗಸರು ಜೋಡಿಯಾಗಿ ಕೂರುತ್ತಿದ್ದರು. ಹೊಸಬಳು ಬಂದರೆ, ‘ಇವಳಿಗೆ ಬೆರಳಂಗಿ ಹೊಲಿಯೋರು ಯಾರು?’ ಎಂಬುದೇ ಮೊದಲ ಪ್ರಶ್ನೆ.

ಮೇಣದಕ್ಕ ಹತ್ತೊಂಬತ್ತಕ್ಕೆ ಬಂದವಳು. ಮೇಣದುಂಡೆಯನ್ನು ಸದಾ ಸೊಂಟಕ್ಕೆ ಸಿಕ್ಕಿಸಿಕೊಂಡು ಆ ಹೆಸರು ಗಳಿಸಿದ್ದಳು. ಈಗ ಐವತ್ತಮೂರು. ಕೋಣೆಯಲ್ಲಿ ಹನ್ನೆರಡು ಮಣೆಗಳಿದ್ದವು. ಹನ್ನೊಂದರ ಮೇಲೆ ರದ್ದಿ ಪೇರಿಸಿತ್ತು, ಒಂದರ ಮೇಲೆ ಅವಳು.

ತೇಪೆ ಹಾಕಿ ಹಾಕಿ ಬಳಸಿದ ಬೆರಳಂಗಿ ಕೊನೆಗೂ ಕಿತ್ತುಹೋಯಿತು. ಯಜಮಾನರು ಔಷಧಿ ಅಂಗಡಿಯಿಂದ ಬೆರಳಿಗೆ ತೊಡುವ ರಬ್ಬರಿನ ಕವಚಗಳನ್ನು ತಂದುಕೊಟ್ಟರು.

“ಡಾಕ್ಟ್ರುಗಳೇ ಹಾಕ್ಕೋತಾರಂತೆ. ನಿಂಗೇನು ಕಮ್ಮಿ?”

“ಡಾಕ್ಟ್ರು ದಿನಕ್ಕೆ ನಾನೂರು ಸಲ ದಾರ ಎಳೀತಾರಾ?”

ಮಧ್ಯಾಹ್ನದ ಹೊತ್ತಿಗೆ ರಬ್ಬರು ಸೀಳಿತು. ಎಡಗೈಯಲ್ಲಿ ತಾನೇ ಹೊಲಿದುಕೊಳ್ಳಲು ಹೋಗಿ ಉಗುರಿನ ಬುಡಕ್ಕೆ ಚುಚ್ಚಿಕೊಂಡಳು. ನಾಲ್ಕನೆಯ ದಿನ ಯಾರದೋ ಹಳೆಯ ಪುಸ್ತಕದ ಹಾಳೆಗೆ ರಕ್ತ ತಾಗಿತು. ಯಜಮಾನರು ಬೈಯಲಿಲ್ಲ. “ಇನ್ನೊಂದ್ಸಲ ಹೀಗಾದ್ರೆ ಮಿಷಿನ್ನಿಗೆ ಕೊಟ್ಬಿಡ್ತೀನಿ ಅಕ್ಕ,” ಎಂದರು ಮೆಲ್ಲಗೆ.

ಬೆರಳಂಗಿ ಹೊಲಿಯಬಲ್ಲವಳು ಒಬ್ಬಳೇ ಉಳಿದಿದ್ದಳು: ಮೂರು ಬೀದಿ ಆಚೆಯ, ಉದ್ದಜಡೆ ಎಂದೇ ಎಲ್ಲರೂ ಕರೆಯುವವಳು. ಇಪ್ಪತ್ತೆಂಟು ವರ್ಷ ಪಕ್ಕದ ಮಣೆಯವಳು. ಎರಡು ವರ್ಷದ ಹಿಂದೆ ಕೆಲಸ ಇಳಿದಾಗ ಯಜಮಾನರು ಮೇಣದಕ್ಕನನ್ನು ಕರೆದು, ಇಬ್ಬರಲ್ಲಿ ಯಾರನ್ನು ಇಟ್ಟುಕೊಳ್ಳಲಿ ಎಂದು ಕೇಳಿದ್ದರು. ‘ಇದ್ದರೆ ಇಬ್ಬರೂ ಇರುತ್ತೇವೆ’ ಎನ್ನಬೇಕಾದವಳು ‘ನಿಮ್ಮಿಷ್ಟ’ ಎಂದಿದ್ದಳು. ಬಾಗಿಲಾಚೆ ಇದ್ದ ಉದ್ದಜಡೆ ಅದನ್ನು ಕೇಳಿಸಿಕೊಂಡು, ಕತ್ತರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ನಡೆದುಬಿಟ್ಟಿದ್ದಳು.

ರಜೆಯ ದಿನ ಬೆಳಿಗ್ಗೆ ಮೇಣದಕ್ಕ ಆ ಬಾಗಿಲಿಗೆ ಹೋದಳು. ಉದ್ದಜಡೆ ಜಗಲಿಯಲ್ಲಿ ಕೊಡೆ ರಿಪೇರಿ ಮಾಡುತ್ತಿದ್ದಳು.

“ಯಾರು ಸತ್ರು?” ಎಂದಳು, ತಲೆ ಎತ್ತದೆ.

“ಯಾರೂ ಇಲ್ಲ. ಬೆರಳಂಗಿ ಹರೀತು.”

ಉದ್ದಜಡೆ ಆ ಬೆರಳನ್ನು ಹಿಡಿದು ತಿರುಗಿಸಿ ನೋಡಿದಳು. “ಬೆಳಿಗ್ಗೆ ಬಂದಿದ್ದೀಯಲ್ಲೇ, ಕೆಲಸ ಮರೆತೋಯ್ತಾ? ದಿನವಿಡೀ ದುಡಿದ ಮೇಲೇ ಬೆರಳು ಊದೋದು, ಇನ್ನೂ ಊದಿಲ್ಲ. ಈಗ ಹೊಲಿದ್ರೆ ಸಂಜೆಗೆ ಕಚ್ಚತ್ತೆ.”

“ಸಂಜೆವರೆಗೂ ಇಲ್ಲೇ ಕೂತಿರ್ತೀನಿ.”

“ಸುಮ್ನೆ ಕೂತ್ರೆ ಊದತ್ತಾ? ತಗೋ, ಈ ಬಟ್ಟೆ ಕಡ್ಡಿಗೆ ಹಾಕು.”

ಇಡೀ ದಿನ ಇಬ್ಬರೂ ಪಕ್ಕಪಕ್ಕದಲ್ಲಿ ಕೂತು ಕೊಡೆ ಹೊಲಿದರು. ಗಿರಾಕಿಗಳು ಬಂದರು, ಹೋದರು. ಕತ್ತರಿ ಬೇಕಾದಾಗ ಒಬ್ಬಳು ಕೈ ಚಾಚುವ ಮೊದಲೇ ಇನ್ನೊಬ್ಬಳು ಮುಂದಿಡುತ್ತಿದ್ದಳು.

ಬಿಸಿಲು ಇಳಿದ ಮೇಲೆ ಉದ್ದಜಡೆ ನೆನೆಹಾಕಿದ್ದ ತೊಗಲನ್ನು ಹಿಂಡಿ, ಮೇಣದಕ್ಕನ ಬೆರಳಿಗೆ ಸುತ್ತಿದಳು. ಸೂಜಿ ತಾಗದಂತೆ ಒಳಗೊಂದು ತೆಳುಕಡ್ಡಿ ತೂರಿಸಿದಳು. ಅಂಗೈಯನ್ನು ತನ್ನ ಮೊಣಕಾಲ ಮೇಲಿಟ್ಟುಕೊಂಡು ಹೊಲಿಯತೊಡಗಿದಳು. ಮೇಣದಕ್ಕನ ಕೈಯನ್ನು ಯಾರಾದರೂ ಹೀಗೆ ಹಿಡಿದು ಕೂತು ಎರಡು ವರ್ಷವಾಗಿತ್ತು.

“ಅವತ್ತು ನಾನು ಹಾಗನ್ಬಾರದಿತ್ತು ಕಣೇ.”

“ಮಾತಾಡ್ಬೇಡ. ಬೆರಳು ಅಲ್ಲಾಡತ್ತೆ.”

ಕೊನೆಯ ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಡಿದು, ಉದ್ದಜಡೆ ಕೈಯನ್ನು ಅದರ ಒಡತಿಯ ಮಡಿಲಿಗೆ ಹಿಂತಿರುಗಿಸಿದಳು.

“ಎರಡು ಪದರ ಹಾಕಿದ್ದೀನಿ. ಹೊಲಿಗೇನೂ ಜೋಡು. ನೀನು ಕೆಲಸ ಬಿಡೋವರೆಗೂ ಬರತ್ತೆ. ಮತ್ತೆ ಇಷ್ಟು ದೂರ ಬರೋ ತಾಪತ್ರಯ ಇಲ್ಲ.”

ಮೂರು ಬೀದಿ ದೂರವೇನಲ್ಲ ಎನ್ನಲು ಮೇಣದಕ್ಕ ತಲೆ ಎತ್ತಿದಳು. ಉದ್ದಜಡೆ ಆಗಲೇ ಕೊಡೆಗಳನ್ನು ಒಳಗೆ ಸಾಗಿಸುತ್ತಿದ್ದಳು.

ಒಣಗುವ ತನಕ ಬೆರಳು ಮಡಿಸಬಾರದು. ಏನನ್ನೋ ತೋರಿಸುವವಳ ಹಾಗೆ ಬೆರಳು ಚಾಚಿಕೊಂಡೇ ಮೇಣದಕ್ಕ ಬೀದಿಗಳನ್ನು ದಾಟಿ ತನ್ನ ಮನೆಗೆ ಬಂದಳು. ದೀಪ ಹಚ್ಚಿ, ಕನ್ನಡಕ ಹಾಕಿಕೊಂಡು, ಹೊಲಿಗೆಯನ್ನು ಬುಡದಿಂದ ತುದಿಯವರೆಗೆ ಒಂದೊಂದೇ ನೋಡಿದಳು, ಮತ್ತೊಮ್ಮೆ ಹೋಗಲು ನೆಪವಾಗಿ ಎಲ್ಲಾದರೂ ಒಂದು ಸಡಿಲ ಬಿಟ್ಟಿದ್ದಾಳೆಯೇ ಎಂದು.

ಎಲ್ಲೂ ಬಿಟ್ಟಿರಲಿಲ್ಲ.